ಮೊದಲು ಕೋನ, ಆಮೇಲೆ ಟ್ರಾವೆಲ್

ಸಭೆಯಲ್ಲಿರುವ ಹಿರಿಯರಿಗೂ ಸೈಕಲ್ ಬಳಗದ ಗೆಳೆಯ ಗೆಳತಿಯರಿಗೂ ನಮಸ್ಕಾರ.

ಮಳೆ ಹಿಂದೆ ಸರಿಯುತ್ತಿದೆ, ಆಯುಧಪೂಜೆ ಹತ್ತಿರವಾಗುತ್ತಿದೆ, ಈ ಸಲ ಪೂಜೆಗೆ ಹೊಸ ಮೌಂಟನ್ ಬೈಕನ್ನೇ ನಿಲ್ಲಿಸಬೇಕೆಂದು ಮನೆಯಲ್ಲಿ ಒಪ್ಪಿಗೆ ಪಡೆಯುವ ಪ್ರಯತ್ನದಲ್ಲಿರುವವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ನಿಮ್ಮಲ್ಲಿ ಅನೇಕರು ನನ್ನ ಬಳಿ ಕೇಳಿರುವುದು ಒಂದೇ ಪ್ರಶ್ನೆ: ‘140ರ ಫೋರ್ಕ್ ಸಾಕೇ, 160 ತೆಗೆದುಕೊಳ್ಳಲೇ?’ ಫೋರ್ಕ್ ಎಂದರೆ ಮುಂಚಕ್ರವನ್ನು ಹಿಡಿದಿರುವ, ಹೊಡೆತಕ್ಕೆ ಕುಗ್ಗುವ ಕವಲು; 140, 160 ಎಂಬುದು ಅದು ಕುಗ್ಗಬಲ್ಲ ಮಿಲಿಮೀಟರು, ಅಂದರೆ ಅದರ ಟ್ರಾವೆಲ್. ಈ ಪ್ರಶ್ನೆಗೆ ನಾನು ನೇರವಾಗಿ ಉತ್ತರಿಸದೆ ‘ಹೆಡ್ ಆ್ಯಂಗಲ್ ಎಷ್ಟು?’ ಎಂದು ಮರುಪ್ರಶ್ನೆ ಹಾಕಿದಾಗ, ಕೇಳಿದವರ ಮುಖದಲ್ಲಿ ‘ಇವರಿಗೆ ಉತ್ತರ ಗೊತ್ತಿಲ್ಲ’ ಎಂಬ ಭಾವ ಮೂಡುವುದನ್ನು ನೋಡಿದ್ದೇನೆ. ಅದನ್ನು ಹೋಗಲಾಡಿಸುವ ಸಲುವಾಗಿಯಾದರೂ ಮಾತನಾಡಬೇಕೆಂದು ಈ ಆಹ್ವಾನವನ್ನು ಒಪ್ಪಿಕೊಂಡೆ. ಹೆಡ್ ಆ್ಯಂಗಲ್ ಎಂದರೆ ಫ್ರೇಮಿನ ಮುಂದೆ ಫೋರ್ಕ್ ತೂರಿರುವ ಕೊಳವೆ, ಅಂದರೆ ಹೆಡ್ ಟ್ಯೂಬ್, ನೆಲದೊಡನೆ ಮಾಡುವ ಕೋನ; ಸಂಖ್ಯೆ ಇಳಿದಷ್ಟೂ ಓರೆ, ಏರಿದಷ್ಟೂ ನೆಟ್ಟಗೆ.

ಫೋರ್ಕ್‌ನ ಟ್ರಾವೆಲ್ ಎಂದರೆ ಗುಂಡಿಗೆ ಬಿದ್ದಾಗ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ ಮಾತ್ರವೆಂದು ನಾವು ತಿಳಿದಿದ್ದೇವೆ. ಆದರೆ ಅದೇ ಫೋರ್ಕ್ ಸೈಕಲ್ಲಿನ ಇಡೀ ಮುಂಭಾಗವನ್ನು ಎತ್ತಿ ಹಿಡಿದಿರುವ ಕಂಬವೂ ಹೌದು. ಕಂಬವನ್ನು 20 ಮಿಲಿಮೀಟರ್ ಉದ್ದ ಮಾಡಿದರೆ ಹಿಂದಿನ ಚಕ್ರದ ಮೇಲೆ ಇಡೀ ಫ್ರೇಮು ಹಿಂದಕ್ಕೆ ವಾಲುತ್ತದೆ. ಹೆಡ್ ಆ್ಯಂಗಲ್ ಸುಮಾರು ಒಂದು ಡಿಗ್ರಿಯಷ್ಟು ಓರೆಯಾಗುತ್ತದೆ, ಅಷ್ಟೇ ಪ್ರಮಾಣದಲ್ಲಿ ಸೀಟಿನ ಕೊಳವೆಯ ಕೋನವಾದ ಸೀಟ್ ಆ್ಯಂಗಲ್ಲೂ ಓರೆಯಾಗುತ್ತದೆ, ಪೆಡಲಿನ ಅಕ್ಷ ಕೂರುವ ಬಾಟಮ್ ಬ್ರಾಕೆಟ್ ಆರೇಳು ಮಿಲಿಮೀಟರ್ ಮೇಲೇಳುತ್ತದೆ, ಅಲ್ಲಿಂದ ಹೆಡ್ ಟ್ಯೂಬಿನ ಮೇಲ್ತುದಿಯವರೆಗಿನ ಅಡ್ಡ ಅಳತೆ, ಅಂದರೆ ರೀಚ್, ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗುತ್ತದೆ. ಇಪ್ಪತ್ತಕ್ಕೆ ಒಂದು ಡಿಗ್ರಿ: ಈ ಸಂಜೆ ಬೇರೇನು ಮರೆತರೂ ಇದೊಂದನ್ನು ನೆನಪಿಡಬೇಕೆಂದು ಕೋರುತ್ತೇನೆ, ಮತ್ತು ನಾನು ಇದನ್ನೇ ಮತ್ತೆ ಮತ್ತೆ ಹೇಳಿದರೆ ಬೇಸರಿಸಬಾರದೆಂದೂ ಕೋರುತ್ತೇನೆ.

ಇನ್ನು ಕೋನ ಮಾಡುವ ಕೆಲಸವನ್ನು ನೋಡೋಣ. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಚಕ್ರ ನೆಲ ಮುಟ್ಟುವ ಬಿಂದುವಿಗಿಂತ ಸ್ವಲ್ಪ ಮುಂದೆ ಬೀಳುತ್ತದೆ. ಆ ಅಂತರವನ್ನು ಟ್ರೇಲ್ ಎನ್ನುತ್ತಾರೆ. 29 ಇಂಚಿನ ಚಕ್ರ, 44 ಮಿಲಿಮೀಟರ್ ಆಫ್‌ಸೆಟ್‌ನ, ಅಂದರೆ ಚಕ್ರದ ಆ್ಯಕ್ಸಲ್ ಆ ಅಕ್ಷಕ್ಕಿಂತ ಅಷ್ಟು ಮುಂದಿರುವ, ಫೋರ್ಕ್ ಇರುವ ಸೈಕಲ್ಲಿಗೆ 67 ಡಿಗ್ರಿಯಲ್ಲಿ ಈ ಅಂತರ ಸುಮಾರು 109 ಮಿಲಿಮೀಟರ್. 65 ಡಿಗ್ರಿಗೆ ಇಳಿಸಿದರೆ 124ರ ಆಸುಪಾಸು. ಅಂತರ ಹೆಚ್ಚಿದಷ್ಟೂ ಕಲ್ಲಿಗೆ ತಾಗಿ ಹೊರಳಿದ ಚಕ್ರ ತಾನಾಗಿಯೇ ನೇರವಾಗಲು ಹವಣಿಸುತ್ತದೆ, ವೇಗದಲ್ಲಿ ಹ್ಯಾಂಡಲ್ ಕೈಯಲ್ಲಿ ಗಟ್ಟಿಯಾಗಿ ಕೂತಂತಿರುತ್ತದೆ. ಕೋನ ಓರೆಯಾದಾಗ ಮುಂಚಕ್ರವೂ ಸವಾರನಿಂದ ಮುಂದಕ್ಕೆ ಸರಿಯುವುದರಿಂದ ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ಮಗುಚಿ ಬೀಳುವ ಭಯವೂ ತಗ್ಗುತ್ತದೆ. ಇವು ಲಾಭಗಳು. ಬೆಲೆಯನ್ನು ತೆರಬೇಕಾಗಿರುವುದು ಏರಿನಲ್ಲಿ: ನಿಧಾನಕ್ಕೆ ಹತ್ತುವಾಗ ಹ್ಯಾಂಡಲ್ ಸ್ವಲ್ಪ ತಿರುಗಿದರೂ ಚಕ್ರ ಆ ಕಡೆಗೇ ಬಿದ್ದು ಹೋಗುವ ಸ್ವಭಾವವಿದೆಯಲ್ಲ, ಅದು ಈ ಎರಡು ಡಿಗ್ರಿಗಳಲ್ಲಿ ಐದನೇ ಒಂದು ಪಾಲಿನಷ್ಟು ಹೆಚ್ಚುತ್ತದೆ.

ಇಲ್ಲಿ ಸ್ವಲ್ಪ ಇತಿಹಾಸಕ್ಕೆ ಹೋಗಬೇಕು; ಸಂಘಟಕರು ಗಡಿಯಾರ ನೋಡದಿರಲಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಇಳಿಸಿ ರಿಪ್ಯಾಕ್ ಎಂಬ ಪಂದ್ಯ ಶುರುಮಾಡಿದಾಗ ಸಸ್ಪೆನ್ಷನ್ ಎಂಬುದೇ ಇರಲಿಲ್ಲ. 1990ರಲ್ಲಿ ಕೊಲೊರಾಡೋದ ಡುರಾಂಗೋದಲ್ಲಿ ನಡೆದ ಮೊದಲ ಅಧಿಕೃತ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗ್ರೆಗ್ ಹರ್ಬೋಲ್ಡ್ ಅವರು ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕ್ ಹಾಕಿಕೊಂಡು ಡೌನ್‌ಹಿಲ್ ಎಂಬ ಇಳಿಜಾರಿನ ಪಂದ್ಯ ಗೆದ್ದರು. ಅದರ ಟ್ರಾವೆಲ್ ಐದು ಸೆಂಟಿಮೀಟರಿನ ಸುಮಾರು, ನಮ್ಮ ಬಳಗದ ಹುಡುಗರು ಇಂದು ಅದನ್ನು ಆಟಿಕೆ ಎನ್ನುತ್ತಾರೆ. ಆ ಕಾಲದ ಮೌಂಟನ್ ಬೈಕುಗಳ ಹೆಡ್ ಆ್ಯಂಗಲ್ 71 ಡಿಗ್ರಿಯ ಆಸುಪಾಸಿನಲ್ಲಿತ್ತು, ರಸ್ತೆ ಸೈಕಲ್ಲಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆಮೇಲೆ ಟ್ರಾವೆಲ್ ಬೆಳೆಯಿತು, ನಿಜ. ಆದರೆ ಇಪ್ಪತ್ತು ವರ್ಷಗಳ ಹಿಂದಿನ ಒಂದು ಟ್ರೇಲ್ ಬೈಕನ್ನೂ, ಅಂದರೆ ಕಾಡುದಾರಿಯಲ್ಲಿ ಹತ್ತಿ ಇಳಿಯುವ ಮೌಂಟನ್ ಬೈಕನ್ನೂ, ಇಂದಿನದನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ: ಅಂದು ಫೋರ್ಕ್ 130 ಇದ್ದರೆ ಇಂದೂ 130 ಇರಬಹುದು, ಅಂದು ಕೋನ 69 ಇದ್ದದ್ದು ಇಂದು 65.5ಕ್ಕೆ ಬಂದಿದೆ. ಟ್ರಾವೆಲ್ ಅಷ್ಟೇ ಇದ್ದೂ, ಅಂದು ಎದೆ ನಡುಗಿಸುತ್ತಿದ್ದ ಇಳಿಜಾರನ್ನು ಇಂದಿನ ಸೈಕಲ್ಲು ನಿರಾಳವಾಗಿ ಇಳಿಯುತ್ತದೆ. ಈ ಬದಲಾವಣೆಯ ದೊಡ್ಡ ಪಾಲನ್ನು, ಉದ್ದ ರೀಚ್ ಮತ್ತು ಹ್ಯಾಂಡಲ್ಲನ್ನು ಹಿಡಿದಿರುವ ಗಿಡ್ಡ ಸ್ಟೆಮ್‌ಗಳ ಜೊತೆ ಸೇರಿ, ಮಾಡಿದ್ದು ಕೋನವೇ ಹೊರತು ಫೋರ್ಕ್‌ನ ಉದ್ದವಲ್ಲ ಎಂಬುದು ನನ್ನ ವಾದ. ಇಂದಿನ ಕ್ರಾಸ್ ಕಂಟ್ರಿ ರೇಸಿನ ಸೈಕಲ್ಲುಗಳೂ 120ರ ಫೋರ್ಕ್ ಇಟ್ಟುಕೊಂಡು 67ರ ಹತ್ತಿರಕ್ಕೆ ಬಂದಿವೆ.

ಈ ವಾದಕ್ಕೆ ನನ್ನ ಮೆಚ್ಚಿನ ಸಾಕ್ಷಿ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ. ಕೆಲವರು ಈ ಕಥೆಯನ್ನು ಈಗಾಗಲೇ ಕೇಳಿದ್ದೀರಿ, ನಗುತ್ತಿದ್ದೀರಿ, ಉಳಿದವರಿಗಾಗಿ ಸಹಿಸಿಕೊಳ್ಳಿ. ಅಡಿಕೆ ತೋಟದ ಮನೆಯವನು, 130ರ ಫೋರ್ಕ್ ಇದ್ದ ಒಳ್ಳೆಯ ಟ್ರೇಲ್ ಬೈಕು ಇತ್ತು, ಕೋನ 67. ಬೆಂಗಳೂರಿನ ಗೆಳೆಯನೊಬ್ಬನಿಂದ 160ರ ಫೋರ್ಕ್ ಅರ್ಧ ಬೆಲೆಗೆ ಸಿಕ್ಕಿತೆಂದು ತಂದು ಹಾಕಿಸಿಕೊಂಡ. ಅಂಗಳದಲ್ಲಿ ನಿಲ್ಲಿಸಿದಾಗ ಅವರ ದೊಡ್ಡಪ್ಪ, ಜೀವಮಾನದಲ್ಲಿ ಅಟ್ಲಾಸ್ ಸೈಕಲ್ ಬಿಟ್ಟು ಬೇರೆ ಹತ್ತದವರು, ಎಲೆಯಡಿಕೆ ಮೆಲ್ಲುತ್ತ ಒಂದು ಸುತ್ತು ಬಂದು ‘ಎಂತ ಮಾರಾಯ, ನಿನ್ನ ಸೈಕಲ್ಲು ಹೋರಿ ಮುಂಗಾಲೆತ್ತಿ ನಿಂತ ಹಾಗೆ ಕಾಣ್ತದಲ್ಲ!’ ಎಂದರಂತೆ. ಹುಡುಗ ಅದನ್ನು ಹೊಗಳಿಕೆಯೆಂದು ತಿಳಿದ. ತೋಟದಿಂದ ಮನೆಗೆ ಬರುವ ದಾರಿ ಎರಡೂ ಕಡೆ ಧರೆಯ ನಡುವೆ ಹತ್ತುತ್ತದೆ, ಒಂದು ಬದಿಗೆ ನೀರು ಹರಿದು ಕೊರೆದ ಚರಂಡಿ. ಮೊದಲು ಹತ್ತಿಬರುತ್ತಿದ್ದ ಅದೇ ಏರಿನಲ್ಲಿ ಈಗ ಮುಂಚಕ್ರ ಹೇಳಿದ ಮಾತು ಕೇಳದೆ ಚರಂಡಿಯ ಕಡೆಗೇ ಹೊರಳತೊಡಗಿತು. ಟೈರು ಸವೆದಿದೆಯೆಂದು ಟೈರು ಬದಲಿಸಿದ. ಹ್ಯಾಂಡಲ್ ತಿರುಗಿಸುವ ಬೇರಿಂಗ್‌ಗಳ ಹೆಡ್‌ಸೆಟ್ ಬಿಗಿಯಾಗಿದೆಯೆಂದು ಬೇರಿಂಗ್ ಬಿಚ್ಚಿಸಿದ. ಸ್ಟೆಮ್ ಉದ್ದ ಮಾಡಿದ, ಮತ್ತೆ ಗಿಡ್ಡ ಮಾಡಿದ. ಅಷ್ಟರಲ್ಲಿ ಬೆನ್ನುನೋವು ಬೇರೆ ಶುರುವಾಗಿತ್ತು; ಅದಕ್ಕೆ ತೋಟದಲ್ಲಿ ಗೊನೆ ಹೊತ್ತದ್ದು ಕಾರಣವೆಂದು ಮನೆಯವರ ಅಭಿಪ್ರಾಯ.

ಸೈಕಲ್ಲು ಕೊನೆಗೆ ನಮ್ಮ ಮೆಕ್ಯಾನಿಕ್ ಗೆಳೆಯರ ಸ್ಟ್ಯಾಂಡಿಗೆ ಬಂತು. ಅವರು ಕೋನ ಅಳೆಯುವ ಮೊಬೈಲ್ ಆ್ಯಪನ್ನು ಫೋರ್ಕ್‌ನ ಕಾಲಿಗೆ ಒರಗಿಸಿ ನೋಡಿದರು: 65.5. ಸೀಟ್ ಟ್ಯೂಬ್ 74 ಇರಬೇಕಾದದ್ದು 72.5. ಅಂದರೆ ಏರು ಹತ್ತುವಾಗ ಹುಡುಗನ ಸೊಂಟ ಹಿಂದಿನ ಚಕ್ರದ ಕಡೆಗೆ ಜಾರಿತ್ತು, ಮುಂಚಕ್ರದ ಮೇಲಿನ ಭಾರ ಹಗುರವಾಗಿತ್ತು, ಹಗುರವಾದ ಚಕ್ರ ಮನಸ್ಸು ಬಂದ ಕಡೆ ತಿರುಗುತ್ತಿತ್ತು. ಗಮನಿಸಿ, 65.5 ಎಂಬುದು ಕೆಟ್ಟ ಕೋನವಲ್ಲ, ಸ್ವಲ್ಪ ಹೊತ್ತಿನ ಮುಂಚೆ ನಾನೇ ಅದನ್ನು ಹೊಗಳಿದೆ. 65.5 ಬೇಕೆಂದು ವಿನ್ಯಾಸ ಮಾಡಿದ ಫ್ರೇಮಿನಲ್ಲಿ ಸೀಟ್ ಟ್ಯೂಬನ್ನು 76, 77 ಡಿಗ್ರಿಗೆ ನೆಟ್ಟಗೆ ನಿಲ್ಲಿಸಿ ಸವಾರನನ್ನು ಮುಂದಕ್ಕೆ ಕೂರಿಸಿರುತ್ತಾರೆ. ಫೋರ್ಕ್ ಬದಲಿಸಿ ಕದ್ದು ಪಡೆದ ಕೋನಕ್ಕೆ ಆ ಏರ್ಪಾಡು ಇರುವುದಿಲ್ಲ. ಫೋರ್ಕ್‌ನ ಒಳಗೆ ಟ್ರಾವೆಲ್ ನಿಗದಿ ಮಾಡುವ ಏರ್ ಶಾಫ್ಟ್ ಬದಲಿಸಿ ಫೋರ್ಕನ್ನು 140ಕ್ಕೆ ಇಳಿಸಿದರು. ಹುಡುಗ ಈಗ ಅದೇ ಏರನ್ನು ಹತ್ತುತ್ತಾನೆ. ಮೂವತ್ತಕ್ಕೆ ಒಂದೂವರೆ, ಇಪ್ಪತ್ತಕ್ಕೆ ಒಂದು, ಲೆಕ್ಕ ಅದೇ. ದೊಡ್ಡಪ್ಪ ಆ್ಯಪ್ ಇಲ್ಲದೆಯೇ ಹೇಳಿದ್ದರು.

ನಮ್ಮ ನೆಲಕ್ಕೆ ಯಾವುದು ಹೊಂದುತ್ತದೆ ಎಂಬುದಕ್ಕೆ ಬರುತ್ತೇನೆ. ವಿಡಿಯೊಗಳಲ್ಲಿ ನಾವು ನೋಡುವುದು ಲಿಫ್ಟ್‌ನಲ್ಲಿ ಮೇಲೆ ಹೋಗಿ ಕೆಳಕ್ಕೆ ಇಳಿಯುವ ಪಾರ್ಕುಗಳನ್ನು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೊಪ್ಪಿನಬೆಟ್ಟದ ದಾರಿಗಳಲ್ಲಿ ಇಳಿದದ್ದನ್ನೆಲ್ಲ ನಮ್ಮ ತೊಡೆಯ ಬಲದಿಂದಲೇ ಹತ್ತಬೇಕು. ಐದು ನಿಮಿಷ ಇಳಿದರೆ ಒಂದು ಹಳ್ಳ, ಒಂದು ಕಾಲುಸಂಕ, ಮತ್ತೆ ಏರು, ನಡುವೆ ತೆಗೆದು ಹಾಕಬೇಕಾದ ಉಣುಗೋಲು. ನೆಲ ಜಂಬಿಟ್ಟಿಗೆಯದು: ತೂತುತೂತಾದ, ಚೂಪಾದ, ಸಣ್ಣ ಸಣ್ಣ ಮೆಟ್ಟಿಲುಗಳು, ಅಡ್ಡ ಹಾಯ್ದ ಬೇರುಗಳು. ಎರಡಾಳೆತ್ತರದಿಂದ ಹಾರುವ ಜಾಗಗಳು ಇಲ್ಲಿ ಅಪರೂಪ. ಕೈ ನೋಯುವುದು ಒಂದೇ ಸಮನೆ ಬರುವ ಚಿಕ್ಕ ಹೊಡೆತಗಳಿಂದ. ಅಂಥ ಹೊಡೆತಗಳನ್ನು ನುಂಗುವುದು ಫೋರ್ಕ್‌ನ ಮೊದಲ ಕೆಲವು ಸೆಂಟಿಮೀಟರು ಎಷ್ಟು ಮೃದುವಾಗಿ ಚಲಿಸುತ್ತದೆ ಎಂಬುದರಿಂದ ಮತ್ತು ಟೈರಿನ ಗಾಳಿಯಿಂದ. ಕೊನೆಯ ಎರಡು ಸೆಂಟಿಮೀಟರನ್ನು ವರ್ಷವಿಡೀ ಮುಟ್ಟದವರೂ ಇದ್ದಾರೆ. ಫೋರ್ಕ್‌ನ ಕಾಲಿಗೆ ಕಟ್ಟುವ ರಬ್ಬರ್ ಉಂಗುರ ಸವಾರಿಯ ಕೊನೆಗೆ ಎಲ್ಲಿ ನಿಂತಿದೆಯೆಂದು ನೋಡುವ ಅಭ್ಯಾಸ ಮಾಡಿಕೊಳ್ಳಿ. 140ರಲ್ಲಿ 110ರ ಹತ್ತಿರವೇ ಅದು ನಿಲ್ಲುತ್ತಿದ್ದರೆ ಮೊದಲು ಫೋರ್ಕ್‌ನ ಗಾಳಿ ಇಳಿಸಿ. ಸವಾರ ಕೂತಾಗಿನ ಕುಗ್ಗು, ಅಂದರೆ ಸ್ಯಾಗ್, ಸರಿಯಾದ ಮೇಲೂ ಅಲ್ಲಿಯೇ ನಿಂತರೆ 160 ನಿಮಗೆ ಯಾಕೆ?

ಮಳೆಗಾಲದ ನಂತರದ ಹಾವಸೆ ಹಿಡಿದ ಕಲ್ಲು, ಬೇಸಿಗೆಯಲ್ಲಿ ಅಕೇಶಿಯಾ ತೋಪಿನ ನೆಲ ತುಂಬ ಹಾಸಿದ ಒಣ ಎಲೆ, ಇವೆರಡರ ಮೇಲೂ ಮುಂಚಕ್ರ ಜಾರುವುದು ಅದರ ಮೇಲೆ ಭಾರ ಕಡಿಮೆಯಾದಾಗ. ಅತಿ ಓರೆಯಾದ ಕೋನದ ಸೈಕಲ್ಲನ್ನು ಸಪಾಟಾದ ತಿರುವಿನಲ್ಲಿ ಹಿಡಿತದಲ್ಲಿಡಲು ಸವಾರ ಎದೆಯನ್ನು ಹ್ಯಾಂಡಲ್ ಮೇಲೆ ತಂದು ಮುಂಚಕ್ರವನ್ನು ಒತ್ತಬೇಕು. ಹೊಸಬರು ಭಯದಲ್ಲಿ ಹಿಂದಕ್ಕೆ ವಾಲುತ್ತಾರೆ, ಚಕ್ರ ಜಾರುತ್ತದೆ. ಆದ್ದರಿಂದ, ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ಲನ್ನು ಈ ಮಲೆನಾಡಿನಲ್ಲಿ ಹತ್ತಿ ಇಳಿಯಲು ಕೊಳ್ಳುವವರಿಗೆ ನನ್ನ ಸಲಹೆ 65ರಿಂದ 66 ಡಿಗ್ರಿ, ಅದರೊಡನೆ 130 ಅಥವಾ 140ರ ಫೋರ್ಕ್. ಕೊಡಚಾದ್ರಿಯ ಜೀಪು ದಾರಿಯಂಥ ಕಲ್ಲುಗುಂಡಿಗಳ ಇಳಿಜಾರುಗಳೇ ಇಷ್ಟ, ಮೇಲಕ್ಕೆ ಸೈಕಲ್ಲನ್ನು ವಾಹನದಲ್ಲೇ ಒಯ್ಯುತ್ತೇನೆ ಎನ್ನುವವರು 64 ಮತ್ತು 160ಕ್ಕೆ ಹೋಗಬಹುದು, ನನ್ನ ತಕರಾರಿಲ್ಲ. ದಾರಿ ಅಭಯಾರಣ್ಯದೊಳಗೆ ಇದ್ದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ಕೋನದ ಸೈಕಲ್ಲೂ ಒಳಗೆ ಹೋಗಕೂಡದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲ್ ಕೊಳ್ಳುವವರಿಗೆ ಲೆಕ್ಕ ಬೇರೆ, ಮತ್ತು ಇಲ್ಲಿ ಬಹುಪಾಲು ಜನ ಅವರೇ. ಎರಡೂ ಕಡೆ ಸಸ್ಪೆನ್ಷನ್ ಇದ್ದರೆ ಸವಾರ ಕುಳಿತಾಗ ಹಿಂದೆ ಮುಂದೆ ಎರಡೂ ಕುಗ್ಗಿ ಕೋನ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ. ಹಾರ್ಡ್‌ಟೇಲಿನಲ್ಲಿ ಮುಂದಿನದು ಮಾತ್ರ ಕುಗ್ಗುತ್ತದೆ. 140ರ ಫೋರ್ಕ್ ಶೇಕಡಾ 20ರ ಸ್ಯಾಗ್‌ನಲ್ಲಿ 28 ಮಿಲಿಮೀಟರ್ ಕುಗ್ಗಿದರೆ, ನಮ್ಮ ಅದೇ ಇಪ್ಪತ್ತಕ್ಕೆ ಒಂದರ ಲೆಕ್ಕದಲ್ಲಿ, ಕ್ಯಾಟಲಾಗಿನ 65 ಡಿಗ್ರಿ ನೀವು ಹತ್ತಿದೊಡನೆ 66.4ರ ಹತ್ತಿರ ಬರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಫೋರ್ಕ್ ಪೂರ್ತಿ ಕುಗ್ಗಿದ ಗಳಿಗೆಯಲ್ಲಿ ಆರು ಡಿಗ್ರಿಗೂ ಮೀರಿ ನೆಟ್ಟಗಾಗಿ, ಓರೆಯ ಕೋನ ಅತ್ಯಂತ ಬೇಕಾದ ಜಾಗದಲ್ಲೇ ಅದು ಕೈಕೊಡುತ್ತದೆ. ಹಾರ್ಡ್‌ಟೇಲಿಗೆ ಉದ್ದದ ಫೋರ್ಕ್ ಹಾಕಿದಷ್ಟೂ ಈ ತೂಗಾಟ ಹೆಚ್ಚು. 120 ಅಥವಾ 130ರ ಫೋರ್ಕ್, ಯಾರೂ ಹತ್ತದೆ ನಿಂತಾಗ 65ರಿಂದ 66ರ ಕೋನ, ಫೋರ್ಕ್‌ನ ಗಾಳಿ ತುಸು ಗಟ್ಟಿ. ಇದಕ್ಕಿಂತ ಒಳ್ಳೆಯ ಜೋಡಿ ನಮ್ಮ ದಾರಿಗಳಿಗೆ ನನಗೆ ಕಂಡಿಲ್ಲ.

ಚೀಟಿ ಬಂದಿದೆ. ಐದು ನಿಮಿಷ ಎಂದು ಬರೆದಿದ್ದಾರೆ, ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಆಫ್‌ಸೆಟ್ ಬಗ್ಗೆ ವಿವರವಾಗಿ ಮಾತನಾಡಬೇಕೆಂದಿದ್ದೆ; 51ರ ಬದಲು 44 ಆಯ್ದುಕೊಂಡರೆ 65 ಡಿಗ್ರಿಯಲ್ಲಿ ಟ್ರೇಲ್ ಎಂಟು ಮಿಲಿಮೀಟರಿನಷ್ಟು ಹೆಚ್ಚುತ್ತದೆ ಎಂಬಷ್ಟನ್ನು ಮಾತ್ರ ಹೇಳುತ್ತೇನೆ. ಈಗಿರುವ ಸೈಕಲ್ಲಿನ ಕೋನ ನೆಟ್ಟಗಿದೆ, ಹೊಸದು ಕೊಳ್ಳಲಾಗದು ಎನ್ನುವವರಿಗೆ, ಹೆಡ್ ಟ್ಯೂಬ್ ಅವಕಾಶ ಕೊಟ್ಟರೆ, ಬೇರಿಂಗ್ ಕೂರುವ ಕಪ್ ಓರೆಯಾಗಿರುವ ಹೆಡ್‌ಸೆಟ್ ಸಿಗುತ್ತದೆ. ಒಂದು ಡಿಗ್ರಿ ಇಳಿಸಿದರೂ ಅದು ಸೀಟ್ ಆ್ಯಂಗಲ್ಲನ್ನು ಹೆಚ್ಚು ಕೆಡಿಸುವುದಿಲ್ಲವಾದ್ದರಿಂದ ಉದ್ದದ ಫೋರ್ಕ್‌ಗಿಂತ ಅದೇ ಮೇಲು. ಫೋರ್ಕ್ ಬದಲಿಸುವುದೇ ಆದರೆ ಟ್ರಾವೆಲ್ ಸಂಖ್ಯೆಯನ್ನಷ್ಟೇ ನೋಡದೆ ಚಕ್ರದ ಆ್ಯಕ್ಸಲ್‌ನಿಂದ, ಫೋರ್ಕ್‌ನ ಎರಡು ಕಾಲುಗಳು ಮೇಲೆ ಕೂಡುವ ಕ್ರೌನ್‌ವರೆಗಿನ ಎತ್ತರವನ್ನು ಟೇಪು ಹಿಡಿದು ಅಳೆಯಿರಿ, ಏಕೆಂದರೆ ಒಂದೇ ಟ್ರಾವೆಲ್‌ನ ಎರಡು ಫೋರ್ಕ್‌ಗಳಲ್ಲಿ ಅದು ಬೇರೆ ಬೇರೆ ಇರುತ್ತದೆ. ಫ್ರೇಮಿನ ತಯಾರಕರು ಗರಿಷ್ಠ ಎಷ್ಟು ಎಂದು ಹೇಳಿದ್ದಾರೋ ಅದನ್ನು ದಾಟಬೇಡಿ. ದಾಟಿದರೆ ಹೆಡ್ ಟ್ಯೂಬಿನ ಬೆಸುಗೆಯ ಮೇಲೆ ಒತ್ತಡ ಹೆಚ್ಚುತ್ತದೆ, ವಾರಂಟಿಯೂ ಹೋಗುತ್ತದೆ. ಹೊರಗೆ ಜಗಲಿಯಲ್ಲಿ 65.5ರದ್ದು ಒಂದು, 67ರದ್ದು ಒಂದು, ಒಂದೇ 130ರ ಫೋರ್ಕ್ ಇರುವ ಎರಡು ಸೈಕಲ್ ನಿಲ್ಲಿಸಿದ್ದೇವೆ. ಮೊದಲು ಎರಡನ್ನೂ ಹಿಂದಿನ ಏರಿನಲ್ಲಿ ಹತ್ತಿಸಿ, ಇಳಿಸುವುದು ಆಮೇಲೆ.