ಸಭೆಯಲ್ಲಿ ಅಧ್ಯಕ್ಷರ ಪಕ್ಕ ಕೂತವರು ಯಾರ ಕಡೆಯವರು?

[ಕ್ಯಾಮೆರಾ ಮುಂದೆ]

ಎಲ್ಲರಿಗೂ ನಮಸ್ಕಾರ. ಇವತ್ತಿನ ಪ್ರಶ್ನೆ ಕ್ಯಾಲಿಫೋರ್ನಿಯಾದಲ್ಲಿರುವ ವೀಕ್ಷಕರೊಬ್ಬರದ್ದು. ಅವರ ಬಡಾವಣೆಯ ಮನೆ ಮಾಲೀಕರ ಸಂಘದಲ್ಲಿ ಜಗಳ ಜೋರಾಗಿದೆ. ಈಗಿನ ಮಂಡಳಿಯನ್ನು ಕೆಳಗಿಳಿಸಬೇಕು ಅಂತ ಸದಸ್ಯರು ವಿಶೇಷ ಸಭೆ ಕರೆಸಿದ್ದಾರೆ. ಆ ಸಭೆಗೆ ಪಾರ್ಲಿಮೆಂಟೇರಿಯನ್ ಆಗಿ, ಅಂದರೆ ಸಭೆಯ ನಿಯಮಗಳ ಸಲಹೆಗಾರರಾಗಿ, ಬರುತ್ತಿರುವುದು ಸಂಘದ ವಕೀಲರು. ಅವರಿಗೆ ಕೆಲಸ ಕೊಟ್ಟಿರುವುದು ಇದೇ ಮಂಡಳಿ. "ಇದು ಸರಿನಾ?" ಅಂತ ಕೇಳಿದ್ದಾರೆ.

ನನ್ನ ಪ್ರಕಾರ ಸರಿಯಲ್ಲ. ಯಾಕೆ ಅಂತ ನೋಡೋಣ.

ಮೊದಲು ಹಿನ್ನೆಲೆ, ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಸಂಘಗಳಲ್ಲಿ ದೊಡ್ಡ ಸಭೆ ಇದ್ದಾಗ ಅಧ್ಯಕ್ಷರ ಪಕ್ಕದಲ್ಲಿ ಒಬ್ಬರು ಕೂರುತ್ತಾರೆ. ಸಭೆಯ ನಿಯಮ ಏನು ಹೇಳುತ್ತದೆ ಅಂತ ಅಧ್ಯಕ್ಷರಿಗೆ ಮೆಲ್ಲಗೆ ತಿಳಿಸುವುದು ಅವರ ಕೆಲಸ. ಅವರೇ ಪಾರ್ಲಿಮೆಂಟೇರಿಯನ್. ಸಾಮಾನ್ಯವಾಗಿ ಅವರ ಕೈಯಲ್ಲಿರುವ ಪುಸ್ತಕ 'ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್'. ಬರೆದವರು ಹೆನ್ರಿ ರಾಬರ್ಟ್, ಸೇನೆಯ ಎಂಜಿನಿಯರ್. ಮೊದಲು ಬಂದಿದ್ದು 1876ರಲ್ಲಿ, 12ನೇ ಆವೃತ್ತಿ 2020ರಲ್ಲಿ.

ಈಗ ವಿಷಯಕ್ಕೆ ಬರೋಣ. ರೂಲಿಂಗ್, ಅಂದರೆ ಯಾವುದು ನಿಯಮಕ್ಕೆ ಸರಿ ಅನ್ನುವ ತೀರ್ಪು, ಕೊಡುವುದು ಅಧ್ಯಕ್ಷರು ಮಾತ್ರ. ಪಾರ್ಲಿಮೆಂಟೇರಿಯನ್ ಬರೀ ಸಲಹೆ ಕೊಡುತ್ತಾರೆ. ಹಾಗಿದ್ದರೆ ಅವರು ಯಾರ ಕಡೆ ಇದ್ದರೇನು ಅನ್ನಿಸಬಹುದು. ಆದರೆ ಸಭೆಯಲ್ಲಿ ಕೂತು ನೋಡಿ. ಹಾಲ್ ತುಂಬಾ ಜನ. ನಿಯಮದ ಪುಸ್ತಕ ಓದಿದವರು ಒಬ್ಬಿಬ್ಬರು. ಪಾರ್ಲಿಮೆಂಟೇರಿಯನ್ ಏನೋ ಹೇಳುತ್ತಾರೆ, ಅಧ್ಯಕ್ಷರು "ಈ ಠರಾವು ನಿಯಮಕ್ಕೆ ಸರಿಹೋಗುವುದಿಲ್ಲ" ಅನ್ನುತ್ತಾರೆ, ಠರಾವು ತಂದವರು ಕೂತುಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಸಲಹೆಯೇ ತೀರ್ಮಾನ ಆಗಿಬಿಡುತ್ತದೆ.

[ಪರದೆಯ ಮೇಲೆ: ಕೈ ಎತ್ತಿ ಮತ ಹಾಕುವಂತಿಲ್ಲ. ಚೀಟಿ ಹಾಕಬಹುದು.]

ಇಲ್ಲಿ ನನಗೆ ತುಂಬಾ ಇಷ್ಟವಾದ ನಿಯಮ ಒಂದಿದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಂಘದ ಸದಸ್ಯರೇ ಪಾರ್ಲಿಮೆಂಟೇರಿಯನ್ ಆದರು ಅಂದುಕೊಳ್ಳಿ. ಆಗ ಅವರು ಠರಾವು ಮಂಡಿಸುವಂತಿಲ್ಲ. ಚರ್ಚೆಯಲ್ಲಿ ಮಾತಾಡುವಂತಿಲ್ಲ. ಮತವನ್ನೂ ಹಾಕುವಂತಿಲ್ಲ. ಒಂದೇ ವಿನಾಯಿತಿ: ಗುಟ್ಟಾಗಿ ಚೀಟಿ ಹಾಕುವ ಮತದಾನ ಇದ್ದರೆ ಹಾಕಬಹುದು.

ಚೀಟಿಗೆ ಮಾತ್ರ ಯಾಕೆ? ನನಗೆ ಅರ್ಥವಾದದ್ದು ಇಷ್ಟು. ಅವರಿಗೂ ಅಭಿಪ್ರಾಯ ಇರುತ್ತದೆ, ಅದನ್ನು ಯಾರೂ ತಡೆಯಲು ಆಗುವುದಿಲ್ಲ. ಆದರೆ ಅವರು ಕೈ ಎತ್ತಿದ ಕೂಡಲೇ ಇಡೀ ಸಭೆಗೆ ಅವರು ಯಾವ ಕಡೆ ಅಂತ ಗೊತ್ತಾಗುತ್ತದೆ. ಆಮೇಲೆ ಅವರು ಎಷ್ಟೇ ಸರಿಯಾದ ಸಲಹೆ ಕೊಟ್ಟರೂ ಸೋತವರು ನಂಬುವುದಿಲ್ಲ. ಚೀಟಿಯಲ್ಲಿ ಆ ತೊಂದರೆ ಇಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಅಧ್ಯಕ್ಷರಿಗೆ ಯಾವುದಾದರೂ ವಿಷಯದ ಮೇಲೆ ಮಾತಾಡಲೇಬೇಕು ಅನ್ನಿಸಿದರೆ, ಆ ಹೊತ್ತಿಗೆ ಕುರ್ಚಿ ಬಿಟ್ಟುಕೊಟ್ಟು ಮಾತಾಡಿ, ಆ ವಿಷಯ ಮುಗಿದ ಮೇಲೆ ಬಂದು ಕೂರಬಹುದು. ಪಾರ್ಲಿಮೆಂಟೇರಿಯನ್‌ಗೆ ಆ ಅವಕಾಶವೂ ಇಲ್ಲ. ಇಷ್ಟು ಬಿಟ್ಟುಕೊಡಲು ಆಗದಿದ್ದರೆ ಆ ಕೆಲಸ ಒಪ್ಪಿಕೊಳ್ಳಲೇಬೇಡಿ ಅನ್ನುತ್ತದೆ ಪುಸ್ತಕ. ಅಂದರೆ ಅಧ್ಯಕ್ಷರಿಗಿಂತ ಅವರ ಪಕ್ಕದವರ ಮೇಲೇ ಕಟ್ಟುಪಾಡು ಜಾಸ್ತಿ! ಒಬ್ಬ ಸಾಮಾನ್ಯ ಸದಸ್ಯರಿಗೇ ಇಷ್ಟು ಬಿಗಿ ಇದ್ದರೆ, ಸಭೆಯ ಫಲಿತಾಂಶದ ಮೇಲೆ ತಮ್ಮ ಮುಂದಿನ ವರ್ಷದ ಫೀಸು ನಿಂತಿರುವ ವಕೀಲರ ವಿಷಯದಲ್ಲಿ ನಾವು ಸುಮ್ನೆ ಇರಬಹುದಾ?

ವಕೀಲರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರ ಕಕ್ಷಿದಾರ ಇಡೀ ಸಂಘ. ಆದರೆ ದಿನನಿತ್ಯ ಸೂಚನೆ ಬರುವುದು ಮಂಡಳಿಯಿಂದ. ಮಂಡಳಿ ಬದಲಾದರೆ ವಕೀಲರೂ ಬದಲಾಗಬಹುದು. ವಾರ್ಷಿಕ ಲೆಕ್ಕ ಒಪ್ಪಿಸುವ ಸಭೆಗೆ ಅವರು ಕೂತರೆ ನನಗೆ ತಕರಾರಿಲ್ಲ. ಮಂಡಳಿಯ ಕುರ್ಚಿಯ ಮೇಲೇ ಮತ ಬೀಳುವ ದಿನ ಹೊರಗಿನವರು ಬೇಕು.

ಗಂಟು ಇರುವುದು ಯಾರು ಆರಿಸುತ್ತಾರೆ ಅನ್ನುವಲ್ಲಿ. ತಮಗೆ ನಂಬಿಕೆ ಇರುವವರನ್ನು ನೇಮಿಸುವ ಸ್ವಾತಂತ್ರ್ಯ ಅಧ್ಯಕ್ಷರಿಗೆ ಇರಬೇಕು ಅನ್ನುತ್ತವೆ ರಾಬರ್ಟರ ನಿಯಮಗಳು. ಫೀಸಿಗೆ ಮಾತ್ರ ಮಂಡಳಿ ಅಥವಾ ಸಂಘ ಒಪ್ಪಬೇಕು. ಮಾಮೂಲಿ ದಿನಗಳಿಗೆ ಇದು ಸಾಕು. ಅಧ್ಯಕ್ಷರೇ ಜಗಳದ ಒಂದು ಕಡೆ ಇರುವಾಗ ಸಾಲದು.

[ಪರದೆಯ ಮೇಲೆ: ಅಮೆರಿಕದ ಸೆನೆಟ್, 2001]

ಇದು ಸಣ್ಣ ಸಂಘಗಳ ತಾಪತ್ರಯ ಮಾತ್ರ ಅಲ್ಲ. ಅಮೆರಿಕದ ಸೆನೆಟ್‌ನಲ್ಲೂ ಪಾರ್ಲಿಮೆಂಟೇರಿಯನ್ ಇದ್ದಾರೆ. ಅವರನ್ನು ಇಡುವುದೂ ತೆಗೆಯುವುದೂ ಬಹುಮತದ ನಾಯಕರ ಕೈಯಲ್ಲಿದೆ. 2001ರಲ್ಲಿ ಆ ಕೆಲಸದಲ್ಲಿದ್ದ ರಾಬರ್ಟ್ ಡೋವ್ ಬಜೆಟ್ ವಿಚಾರದಲ್ಲಿ ಕೊಟ್ಟ ಸಲಹೆ ರಿಪಬ್ಲಿಕನ್ನರಿಗೆ ಹಿಡಿಸಲಿಲ್ಲ. ಆಗ ಬಹುಮತದ ನಾಯಕರಾಗಿದ್ದ ಟ್ರೆಂಟ್ ಲಾಟ್, ಡೋವ್ ಅವರನ್ನು ಕೆಲಸದಿಂದ ತೆಗೆದರು. ಇನ್ನೊಂದು ಕಡೆ ಎಲಿಜಬೆತ್ ಮ್ಯಾಕ್‌ಡೊನೊ ಅವರನ್ನು ನೋಡಿ. 2012ರಲ್ಲಿ ಅದೇ ಕೆಲಸಕ್ಕೆ ನೇಮಕ ಆದಾಗ ಬಹುಮತ ಡೆಮಾಕ್ರಟಿಕ್ ಪಕ್ಷದ್ದು. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಯನ್ನು ಬಜೆಟ್ ಮಸೂದೆಯಲ್ಲಿ ಸೇರಿಸುವಂತಿಲ್ಲ ಅಂತ 2021ರಲ್ಲಿ ಅದೇ ಪಕ್ಷಕ್ಕೆ ಹೇಳಿದರು. ಅಂಥ ಗಟ್ಟಿತನ ನನಗೆ ದೊಡ್ಡದಾಗಿ ಕಾಣುತ್ತದೆ. ಆದರೆ ಸಿಕ್ಕವರು ಗಟ್ಟಿಯಾಗಿರುತ್ತಾರೆ ಅಂತ ನಂಬಿಕೊಂಡು ಸಂಘ ನಡೆಸಲು ಆಗುವುದಿಲ್ಲ, ಅಲ್ವಾ?

ಕ್ಯಾಲಿಫೋರ್ನಿಯಾ ಕಾನೂನು ಒಂದು ದಾರಿ ತೋರಿಸುತ್ತದೆ. ಮನೆ ಮಾಲೀಕರ ಸಂಘದ ಚುನಾವಣೆಯಲ್ಲಿ ಮತ ಎಣಿಸುವ ಇನ್‌ಸ್ಪೆಕ್ಟರ್ ಮಂಡಳಿಯ ಸದಸ್ಯರಾಗಿರಬಾರದು, ಅಭ್ಯರ್ಥಿಯಾಗಿರಬಾರದು, ಅವರ ನಂಟರೂ ಆಗಿರಬಾರದು. ಸಂಘದ ಜೊತೆ ಬೇರೆ ಯಾವ ಕೆಲಸದ ಗುತ್ತಿಗೆಯೂ ಇರಬಾರದು. ಈ ಷರತ್ತು ಇರುವುದು ಎಣಿಸುವವರಿಗೆ ಮಾತ್ರ. ಪಕ್ಕದಲ್ಲಿ ಕೂತು ಸಲಹೆ ಕೊಡುವವರಿಗೂ ಇದನ್ನೇ ಹಾಕಿಕೊಳ್ಳಲು ಸಂಘಕ್ಕೆ ಏನು ಅಡ್ಡಿ?

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಒಟ್ಟಿಗೇ. ನಿರ್ವಹಣಾ ಕಂಪನಿಯವರು, ಮಾಜಿ ಅಧ್ಯಕ್ಷರು, ಅಭ್ಯರ್ಥಿಯ ಗಂಡ ಅಥವಾ ಹೆಂಡತಿ, ಇವರಲ್ಲಿ ಯಾರನ್ನಾದರೂ ಆ ಜಾಗದಲ್ಲಿ ಕೂರಿಸುವುದಾದರೆ ಇದೇ ಪ್ರಶ್ನೆ ಕೇಳಿ: ಈ ಸಭೆ ಯಾವ ಕಡೆ ತಿರುಗಿದರೆ ನಿಮಗೆ ಲಾಭ? ಹೊರಗಿನ ವೃತ್ತಿಪರರನ್ನು ಕರೆಸಿದರೂ ಹಿಂದೆ ಯಾರಿಗೆ ಕೆಲಸ ಮಾಡಿದ್ದಾರೆ ಅಂತ ಬರೆಸಿಕೊಳ್ಳಿ. ಸಾಧ್ಯವಾದರೆ ಎರಡೂ ಕಡೆಯವರು ಒಪ್ಪಿದ ಹೆಸರೇ ಇರಲಿ. ಸಭೆಯಲ್ಲಿ ರೂಲಿಂಗ್ ತಪ್ಪು ಅನ್ನಿಸಿದರೆ ಒಬ್ಬರು ಕೂಡಲೇ ಮೇಲ್ಮನವಿ ಹಾಕಿ, ಇನ್ನೊಬ್ಬರು ಅನುಮೋದಿಸಿ. ಸಭೆಯೇ ಮತ ಹಾಕಿ ತೀರ್ಮಾನಿಸುತ್ತದೆ. ಸಮ ಆದರೆ ಅಧ್ಯಕ್ಷರ ರೂಲಿಂಗೇ ಉಳಿಯುತ್ತದೆ, ಹಾಗಾಗಿ ನಿಮ್ಮವರು ಎದ್ದು ಹೋಗದಂತೆ ನೋಡಿಕೊಳ್ಳಿ.

ಅಮೆರಿಕದ ಕನ್ನಡ ಕೂಟಗಳನ್ನು ನಡೆಸುವವರಿಗೂ ಒಂದು ಮಾತು. ಮಂಡಳಿಯ ಕುರ್ಚಿಯ ಮೇಲೆ ಮತ ಬೀಳುವ ಸಭೆಗೆ ಪಾರ್ಲಿಮೆಂಟೇರಿಯನ್ ಹೊರಗಿನವರೇ ಆಗಿರಬೇಕು ಅಂತ ಬೈಲಾದಲ್ಲಿ ಒಂದು ಸಾಲು ಬರೆದಿಡಿ. ತಿದ್ದುಪಡಿಗೆ ಸಾಮಾನ್ಯವಾಗಿ ಮುಂಚೆಯೇ ನೋಟಿಸ್ ಕೊಡಬೇಕು. ಚುನಾವಣೆ ಇನ್ನೂ ದೂರ ಇರುವಾಗಲೇ, ಯಾರು ಯಾರ ಎದುರು ನಿಲ್ಲುತ್ತಾರೆ ಅಂತ ಗೊತ್ತಾಗುವ ಮೊದಲೇ ಆ ಠರಾವು ತನ್ನಿ.