ಸ್ಕ್ರೀನ್ ರೀಡರ್ ಇದೆ, ನೋಟ್ಸ್ ಮಾತ್ರ ಓದಲ್ಲ! ಯಾಕೆ?

[ತೆರೆ ಪೂರ್ತಿ ಕಪ್ಪು. ಯಂತ್ರದ ದನಿಯೊಂದು ತುಂಬಾ ವೇಗವಾಗಿ ಏನನ್ನೋ ಓದುತ್ತಿದೆ. 8 ಸೆಕೆಂಡ್.]

ಏನಾದರೂ ಅರ್ಥ ಆಯ್ತಾ? ಇಲ್ಲ ಅಲ್ವಾ? ಮೊದಲ ಸಲ ಕೇಳಿದಾಗ ನನಗೂ ಆಗಿರಲಿಲ್ಲ. ಇದು ಸ್ಕ್ರೀನ್ ರೀಡರ್, ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್. ಕಣ್ಣು ಕಾಣದ ವಿದ್ಯಾರ್ಥಿಗಳು ಕಂಪ್ಯೂಟರ್, ಫೋನ್ ಬಳಸುವುದು ಇದನ್ನು ಕೇಳಿಕೊಂಡೇ. ರೂಢಿಯಾದ ಮೇಲೆ ಎಷ್ಟೋ ಜನ ಇದೇ ವೇಗಕ್ಕೆ ಇಟ್ಟುಕೊಳ್ಳುತ್ತಾರೆ, ನಾವು ಪುಟದ ಮೇಲೆ ಸುಮ್ನೆ ಕಣ್ಣಾಡಿಸುತ್ತೇವಲ್ಲ, ಹಾಗೆ.

[ಮುಖ ತೆರೆಗೆ ಬರುತ್ತದೆ]

ನಮಸ್ಕಾರ. ಅಂಗವೈಕಲ್ಯ ಇರುವ ವಿದ್ಯಾರ್ಥಿಗಳಿಗೆ ನೆರವಾಗುವ ತಂತ್ರಜ್ಞಾನ ಅಂದ ತಕ್ಷಣ ಹತ್ತು ಹೊಸ ಸಾಧನಗಳ ಪಟ್ಟಿ ಬರುತ್ತೆ ಅಂದುಕೊಂಡಿದ್ದರೆ, ಈ ವಿಡಿಯೋ ಅದಲ್ಲ. ಸಾಧನ ಇದ್ದೂ ಓದು ಎಲ್ಲಿ ನಿಂತುಹೋಗುತ್ತದೆ ಅನ್ನೋದನ್ನು ನೋಡೋಣ. ಮುಂಚೆಯೇ ಹೇಳಿಬಿಡ್ತೀನಿ, ಜಾಸ್ತಿ ಸಲ ಅದು ನಿಲ್ಲುವುದು ನಮ್ಮ ಕಡೆ, ಅಂದ್ರೆ ಫೈಲ್ ಕಳಿಸುವವರ ಕಡೆ.

ಸ್ಕ್ರೀನ್ ರೀಡರ್ ಹೊಸದೇನಲ್ಲ. ಜಾಸ್ ಅನ್ನುವ ಹೆಸರಾಂತ ಸಾಫ್ಟ್‌ವೇರ್ ಬಂದದ್ದು 1989ರಲ್ಲಿ. ಅದನ್ನು ಮಾಡಿದವರು ಟೆಡ್ ಹೆಂಟರ್, ಬೈಕ್ ರೇಸ್ ಓಡಿಸುತ್ತಿದ್ದವರು, 1978ರ ಅಪಘಾತದಲ್ಲಿ ಕಣ್ಣು ಕಳೆದುಕೊಂಡರು. ಆದರೆ ಅದಕ್ಕೆ ದುಡ್ಡು ಜಾಸ್ತಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಶುರು ಮಾಡಿದರು, ಅವರಿಗೂ ಕಣ್ಣು ಕಾಣಿಸುವುದಿಲ್ಲ. ಅದು ಪೂರ್ತಿ ಉಚಿತ. 2009ರಲ್ಲಿ ಐಫೋನ್ 3ಜಿಎಸ್ ಜೊತೆ ವಾಯ್ಸ್‌ಓವರ್ ಅನ್ನುವ ಸ್ಕ್ರೀನ್ ರೀಡರ್ ಫೋನಿನೊಳಗೇ ಬಂತು, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಇದೆ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಹುಡುಕಿ, ಸಿಗುತ್ತದೆ. ಒಂದೇ ಮಾತು: ಆನ್ ಮಾಡುವ ಮೊದಲು ಆಫ್ ಮಾಡುವುದು ಹೇಗೆ ಅಂತ ತಿಳಿದುಕೊಳ್ಳಿ! ಆನ್ ಆದ ಮೇಲೆ ಒಂದು ಸಲ ಮುಟ್ಟಿದರೆ ಅಲ್ಲಿ ಏನಿದೆ ಅಂತ ಬರೀ ಹೇಳುತ್ತದೆ, ಕೆಲಸ ಆಗಬೇಕಾದರೆ ಎರಡು ಸಲ ತಟ್ಟಬೇಕು. ಗೊತ್ತಿಲ್ಲದೆ ಆನ್ ಮಾಡಿ ಫೋನ್ ಕೆಟ್ಟೋಯ್ತು ಅಂತ ಗಾಬರಿಯಾದವರನ್ನು ನೋಡಿದ್ದೇನೆ.

ಸರಿ, ಸಾಧನ ಬಂತು. ಈಗ ಕ್ಲಾಸಿನ ಗ್ರೂಪಿಗೆ ನೋಟ್ಸ್ ಪಿಡಿಎಫ್ ಬರುತ್ತದೆ. ಎಲ್ಲರೂ ತೆರೆದು ಓದುತ್ತಾರೆ. ಒಬ್ಬಳ ಫೋನ್ ಮಾತ್ರ "ಚಿತ್ರ" ಅಂತ ಹೇಳಿ ಸುಮ್ಮನಾಗುತ್ತದೆ.

[ತೆರೆಯ ಮೇಲೆ: ಪುಸ್ತಕದ ಪುಟದ ಓರೆಯಾದ ಫೋಟೋ]

ಯಾಕಂದ್ರೆ ಅದು ನೋಟ್ಸ್ ಅಲ್ಲ, ನೋಟ್ಸಿನ ಫೋಟೋ. ಸ್ಕ್ರೀನ್ ರೀಡರ್‌ಗೆ ಬೇಕಾದದ್ದು ಅಕ್ಷರ, ಅಕ್ಷರದ ಚಿತ್ರ ಅಲ್ಲ. ಚಿತ್ರದಿಂದ ಅಕ್ಷರ ಹೆಕ್ಕುವ ಒಸಿಆರ್ ಇದೆಯಲ್ಲ ಅಂತೀರಾ? ಇದೆ. 1976ರಲ್ಲೇ ರೇ ಕುರ್ಜ್‌ವೀಲ್ ಪುಸ್ತಕ ಓದಿ ಹೇಳುವ ಯಂತ್ರ ತೋರಿಸಿದ್ದರು, ಮೇಜು ತುಂಬುವಷ್ಟು ದೊಡ್ಡದು. ಇವತ್ತು ಅದೇ ಕೆಲಸ ಜೇಬಿನಲ್ಲಿರುವ ಫೋನ್ ಮಾಡುತ್ತದೆ. ಚೊಕ್ಕ ಮುದ್ರಣ ಇದ್ದರೆ ಚೆನ್ನಾಗಿಯೇ ಓದುತ್ತದೆ. ಕೈಬರಹ, ಎರಡು ಕಾಲಮ್, ಕೋಷ್ಟಕ, ಬೆರಳಿನ ನೆರಳು ಬಿದ್ದ ಮೂಲೆ ಬಂದರೆ ಮುಗೀತು, ಕಲಸುಮೇಲೋಗರ.

ಕನ್ನಡದಲ್ಲಿ ಇನ್ನೊಂದು ಕಾಟ ಇದೆ. ಯುನಿಕೋಡ್ ಅಂದ್ರೆ ಪ್ರತಿ ಭಾಷೆಯ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ಗಳೂ ಒಪ್ಪಿಕೊಂಡಿರುವ ಒಂದೇ ಸಂಕೇತ. ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ನೋಡೋಕೆ ಕನ್ನಡ, ಒಳಗೆ ಇರುವುದೆಲ್ಲ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಕಣ್ಣಿಗೆ ಮೋಸ ಆಗುತ್ತದೆ, ಸ್ಕ್ರೀನ್ ರೀಡರ್‌ಗೆ ಆಗಲ್ಲ. ಅದು ಒಳಗಿರುವ ಅರ್ಥವಿಲ್ಲದ ಅಕ್ಷರಗಳನ್ನೇ ಗಟ್ಟಿಯಾಗಿ ಓದುತ್ತದೆ.

ಗಣಿತಕ್ಕೆ ಬಂದರೆ ಕಿವಿಯೇ ಸಾಲುವುದಿಲ್ಲ. "ಎ ಪ್ಲಸ್ ಬಿ ಬೈ ಸಿ" ಅಂತ ಕೇಳಿಸಿತು ಅಂದುಕೊಳ್ಳಿ. ಸಿ ಇರುವುದು ಎರಡರ ಕೆಳಗೋ, ಬರೀ ಬಿ ಕೆಳಗೋ? ಉತ್ತರವೇ ಬೇರೆ ಆಗುತ್ತದೆ. ಸೂತ್ರವನ್ನು ಚಿತ್ರವಾಗಿ ಅಂಟಿಸದೆ, ಗಣಿತವನ್ನು ಅಕ್ಷರರೂಪದಲ್ಲೇ ಬರೆಯುವ ಸಂಕೇತ ವ್ಯವಸ್ಥೆಯಾದ ಮ್ಯಾಥ್‌ಎಂಎಲ್‌ನಲ್ಲಿ ಕೊಟ್ಟರೆ ಸ್ಕ್ರೀನ್ ರೀಡರ್ "ಭಿನ್ನರಾಶಿ ಶುರು, ಭಿನ್ನರಾಶಿ ಮುಗಿಯಿತು" ಅನ್ನುವ ಹಾಗೆ ಬಿಡಿಸಿ ಓದಬಲ್ಲದು. ಅದಕ್ಕಿಂತ ಒಳ್ಳೆಯದು ಬೆರಳಿನ ಕೆಳಗೆ ಸೂತ್ರ ಸಿಗುವುದು. ಲೂಯಿ ಬ್ರೈಲ್ ಬೆರಳಿನಿಂದ ಮುಟ್ಟಿ ಓದುವ ತನ್ನ ಲಿಪಿ ರೂಪಿಸಿದ್ದು 1824ರಲ್ಲಿ, ಆಗ ಹುಡುಗನಿಗೆ 15 ವರ್ಷ. 6 ಚುಕ್ಕೆ, 63 ಜೋಡಣೆ. ಈಗಿನ ಬ್ರೈಲ್ ಡಿಸ್ಪ್ಲೇಯಲ್ಲಿ ಅದೇ ಚುಕ್ಕೆಗಳು ಪುಟ್ಟ ಕಡ್ಡಿಗಳಾಗಿ ಮೇಲೆದ್ದು ಇಳಿಯುತ್ತವೆ, ಸಾಲು ಬದಲಾದ ಹಾಗೆ ಬದಲಾಗುತ್ತವೆ. ಫೋನ್ ಮಾತಾಡುತ್ತದೆ, ಇನ್ನು ಬ್ರೈಲ್ ಯಾಕೆ ಅನ್ನುವವರಿಗೆ ಒಂದು ಪ್ರಶ್ನೆ: ಬರೀ ಕೇಳಿಸಿಕೊಂಡೇ ನೀವು ಕಾಗುಣಿತ ಕಲಿಯುತ್ತಿದ್ರಾ?

ಡಿಸ್ಲೆಕ್ಸಿಯಾ, ಅಂದ್ರೆ ಪದ ಗುರುತಿಸಿ ಓದುವುದೇ ಕಷ್ಟವಾಗುವ ತೊಂದರೆ, ಇರುವ ಮಕ್ಕಳು ಪಠ್ಯವನ್ನು ಕೇಳುತ್ತಾ, ಓದುತ್ತಿರುವ ಪದ ಬಣ್ಣದಲ್ಲಿ ಹೊಳೆಯುವುದನ್ನು ನೋಡುತ್ತಾ ಓದುತ್ತಾರೆ. ಅಲ್ಲೂ ಅಕ್ಷರ ಬೇಕು, ಫೋಟೋ ಕಳಿಸಿದರೆ ಅವರೂ ಅಲ್ಲೇ ನಿಂತರು.

ಕಿವಿಯ ವಿಷಯ ಬೇರೆ. ಹಿಯರಿಂಗ್ ಏಡ್ ಹಾಕಿಕೊಂಡರೆ ಎಲ್ಲ ಸರಿಹೋಯಿತು ಅಂತ ನಾವು ತಿಳಿದಿರುತ್ತೇವೆ. ಅದು ಮೇಷ್ಟ್ರ ಮಾತಿನ ಜೊತೆ ಫ್ಯಾನಿನ ಸದ್ದು, ಬೆಂಚ್ ಎಳೆಯುವ ಸದ್ದು ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಅದಕ್ಕೇ ಮೇಷ್ಟ್ರ ಕೊರಳಿಗೆ ಹಾಕುವ ರಿಮೋಟ್ ಮೈಕ್ ಇದೆ, ದನಿ ನೇರವಾಗಿ ಏಡ್‌ಗೆ ಹೋಗುತ್ತದೆ. ಆದರೆ ಹಿಂದಿನ ಬೆಂಚಿನವರು ಪ್ರಶ್ನೆ ಕೇಳಿದರೆ? ಮೈಕ್ ಅವರ ಹತ್ತಿರ ಇಲ್ಲ. ಮೇಷ್ಟ್ರು ಆ ಪ್ರಶ್ನೆಯನ್ನು ಒಂದು ಸಲ ತಾವೇ ಹೇಳಿ ಆಮೇಲೆ ಉತ್ತರ ಕೊಟ್ಟರೆ ಸಾಕು, ಖರ್ಚಿಲ್ಲದ ಕೆಲಸ.

1993ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಂಗವೈಕಲ್ಯ ಇರುವ 227 ವಯಸ್ಕರನ್ನು ಕೇಳಿ ನೋಡಿದರೆ, ಸಿಕ್ಕಿದ ಸಾಧನಗಳಲ್ಲಿ ನೂರಕ್ಕೆ ಸುಮಾರು 29 ಮೂಲೆ ಸೇರಿದ್ದವು. ಮುಖ್ಯ ಕಾರಣಗಳಲ್ಲಿ ಒಂದು, ಕೊಡುವಾಗ ಬಳಸುವವರನ್ನೇ ಸರಿಯಾಗಿ ಕೇಳದೇ ಇದ್ದದ್ದು. ನಿನಗೆ ಏನು ಬೇಕಪ್ಪಾ ಅಂತ ಕೇಳುವುದಕ್ಕೆ ಏನು ಕಷ್ಟವೋ ನನಗಂತೂ ಗೊತ್ತಿಲ್ಲ.

[ಕಂಪ್ಯೂಟರ್ ತೆರೆ ರೆಕಾರ್ಡಿಂಗ್]

ಈಗ ಒಂದು ಪರೀಕ್ಷೆ. ನೀವು ಕೊನೆಯ ಸಲ ಕಳಿಸಿದ ಪಿಡಿಎಫ್ ಅನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಕಂಟ್ರೋಲ್ ಎಫ್ ಒತ್ತಿ. ಪುಟದಲ್ಲಿ ಕಣ್ಣಿಗೆ ಕಾಣುವ ಯಾವುದಾದರೂ ಪದವನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿ. ಸಿಕ್ಕಿದರೆ ಒಳಗೆ ನಿಜವಾದ ಅಕ್ಷರ ಇದೆ. ಸಿಗದಿದ್ದರೆ ಹೆಚ್ಚಾಗಿ ಅದು ಫೋಟೋ, ಇಲ್ಲವೇ ಹಳೆಯ ಫಾಂಟ್. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಮೂಲ ವರ್ಡ್ ಫೈಲ್ ಇದ್ದರೆ ಅದನ್ನೇ ಕಳಿಸಿ.

ಈ ವಿಡಿಯೋ ಮಾಡುವ ಮೊದಲು ನನ್ನ ಹಳೆಯ ನೋಟ್ಸ್ ತೆರೆದು ಇದೇ ಪರೀಕ್ಷೆ ಮಾಡಿದೆ. ಒಂದು ಪದವೂ ಸಿಗಲಿಲ್ಲ! ಈ ಸ್ಕ್ರಿಪ್ಟನ್ನು ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ್ದೇನೆ. ಫೋಟೋ ಅಲ್ಲ, ಹುಡುಕಿ ನೋಡಿ.