ರಾತ್ರಿ ಎಂಟರ ಕರೆಂಟು

ಕೇಳುಗರಿಗೆಲ್ಲ ನಮಸ್ಕಾರ.

ಹೋದ ಬೇಸಿಗೆಯಲ್ಲಿ ತಿಕೋಟಾ ಕಡೆ ನೆಂಟರ ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ಒಣಗಿಸುವ ಶೆಡ್ಡಿನೊಳಗೆ ಬಲೆಯ ಮೇಲೆ ಬಲೆ, ಅಷ್ಟೂ ಅಂತಸ್ತಿನಲ್ಲಿ ಗೊನೆಗಳು. ಗೋಡೆ ಅನ್ನೋದೇ ಇಲ್ಲ. ನಮ್ಮ ವಿಜಯಪುರದ ಬಿಸಿ ಗಾಳಿ ಈ ಕಡೆಯಿಂದ ನುಗ್ಗಿ ಆ ಕಡೆ ಹೋಗುತ್ತದೆ. ಎರಡು ವಾರದಲ್ಲಿ ನಾಲ್ಕು ಕಿಲೋ ಹಸಿ ಹಣ್ಣು ಒಂದು ಕಿಲೋ ಒಣದ್ರಾಕ್ಷಿ ಆಗುತ್ತದೆ. ಬಿಸಿಲೂ ಪುಕ್ಕಟೆ, ಗಾಳಿಯೂ ಪುಕ್ಕಟೆ.

ಅದೇ ಮಾಲು ಬಾಕ್ಸಿಗೆ ಬಿದ್ದು ಕೋಲ್ಡ್ ಸ್ಟೋರೇಜ್ ಸೇರಿತೋ, ಲೆಕ್ಕವೇ ಬೇರೆ. ಒಳಗೆ ನಾಲ್ಕೈದು ಡಿಗ್ರಿ ತಂಪು ಇರಲೇಬೇಕು. ಹಗಲೂ ರಾತ್ರಿ, ತಿಂಗಳುಗಟ್ಟಲೆ. ತಂಪು ತಪ್ಪಿದರೆ ಹಸಿರು ಮಾಲು ಕಂದು ಬಣ್ಣಕ್ಕೆ ತಿರುಗುತ್ತದೆ, ರೇಟು ಬೀಳುತ್ತದೆ. ನಾವು ಅಂಥದ್ದೊಂದು ಕೋಲ್ಡ್ ಸ್ಟೋರೇಜಿನಲ್ಲಿ ನಿಂತಿದ್ದಾಗಲೇ, ರಾತ್ರಿ ಎಂಟರ ಸುಮಾರಿಗೆ, ಕರೆಂಟು ಹೋಯಿತು. ಕಂಪ್ರೆಸರ್ ಸದ್ದು ನಿಂತದ್ದೇ ತಡ, ಮಾಲೀಕರ ಮಾತೂ ನಿಂತಿತು. ಜನರೇಟರ್ ಗುಡುಗಿ, ಡೀಸೆಲ್ ಹೊಗೆ ಮೂಗಿಗೆ ಬಡಿದ ಮೇಲೇ ಅವರು ಮತ್ತೆ ಬಾಯಿ ತೆರೆದದ್ದು. "ಯೂನಿಟ್ ಎಷ್ಟಕ್ಕ ಅಂತ ಎಲ್ಲಾರೂ ಕೇಳ್ತಾರ್ರಿ ಸರ. ಎಷ್ಟೊತ್ತಿಗೆ ಸಿಗತೈತಿ ಅಂತ ಯಾರೂ ಕೇಳಂಗಿಲ್ಲ."

ಅಣುಶಕ್ತಿ ಬೇಕೋ, ಸೋಲಾರ್ ಸಾಕೋ, ಎಲ್ಲ ಮಾರುಕಟ್ಟೆಗೆ ಬಿಟ್ಟುಬಿಡೋಣವೋ ಅನ್ನುವ ಜಗಳ ಕಿವಿಗೆ ಬಿದ್ದಾಗಲೆಲ್ಲ ನನಗೆ ಅವರ ಮಾತು ನೆನಪಾಗುತ್ತದೆ.

ಸೋಲಾರ್ ಅಗ್ಗ ಅನ್ನುವುದರಲ್ಲಿ ಈಗ ತಕರಾರೇ ಉಳಿದಿಲ್ಲ. ಪಾವಗಡದಲ್ಲಿ 13,000 ಎಕರೆಯ ಮೇಲೆ 2,050 ಮೆಗಾವ್ಯಾಟಿನ ಪಾರ್ಕ್ ನಿಂತಿದೆ. ರೈತರು ಭೂಮಿ ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಬರದ ಸೀಮೆಗೆ ಅದು ಒಳ್ಳೆಯ ದುಡ್ಡೇ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ ಹೆಸರಿಗೆ ಗುತ್ತಿಗೆ ಇರಲಿಲ್ಲ ನೋಡಿ, ಅವರಿಗೆ ಆ ದುಡ್ಡಿಲ್ಲ. ನಮ್ಮಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುತ್ತಿದ್ದದ್ದು ನಡುರಾತ್ರಿ. ಬ್ಯಾಟರಿ ಹಿಡಿದು, ಹಾವು ಚೇಳಿಗೆ ಹೆದರುತ್ತ ಮೋಟಾರ್ ಚಾಲೂ ಮಾಡಿದವರಿಗೆ ಹಗಲು ಕರೆಂಟಿನ ಬೆಲೆ ಗೊತ್ತು. ಸೋಲಾರ್ ಬಂದ ಮೇಲೆ ಆ ಹಗಲು ಕರೆಂಟು ಕೈಗೆಟುಕುವಂತಾಯಿತು.

ತೊಂದರೆ ಇರುವುದು ಸೂರ್ಯ ಮುಳುಗಿದ ಮೇಲೆ. ಗಾಳಿಯನ್ನಾದರೂ ನಂಬೋಣ ಅಂದರೆ ಬಸವನ ಬಾಗೇವಾಡಿ ಕಡೆ ನಿಂತ ದೊಡ್ಡ ಫ್ಯಾನುಗಳು ಭರ್ಜರಿಯಾಗಿ ತಿರುಗುವುದು ಮುಂಗಾರಿನಲ್ಲಿ. ನಮಗೆ ಕರೆಂಟು ಜಾಸ್ತಿ ಬೇಕಾಗುವುದು ಮಾರ್ಚ್‌ನಿಂದ ಮೇವರೆಗೆ.

ಇಲ್ಲಿ ಮಾರುಕಟ್ಟೆಯನ್ನು ಒಂದು ಮಾತು ಹೊಗಳಬೇಕು. 2003ರ ವಿದ್ಯುತ್ ಕಾಯ್ದೆ ಬಾಗಿಲು ತೆರೆಯಿತು, 2008ರಲ್ಲಿ ಕರೆಂಟಿನ ವಿನಿಮಯ ಕೇಂದ್ರ ಶುರುವಾಯಿತು. ಎಪಿಎಂಸಿಯಲ್ಲಿ ಸವಾಲು ನಡೆಯುತ್ತದಲ್ಲ, ಹಾಗೇ. ವ್ಯತ್ಯಾಸ ಇಷ್ಟೇ: ಇಲ್ಲಿ ಹದಿನೈದು ನಿಮಿಷಕ್ಕೊಂದು ರೇಟು, ದಿನಕ್ಕೆ 96 ರೇಟು. ಮಧ್ಯಾಹ್ನ ಸೋಲಾರ್ ಉಕ್ಕಿದಾಗ ರೇಟು ನೆಲಕ್ಕೆ ಬೀಳುತ್ತದೆ. ಬೇಸಿಗೆಯ ಸಂಜೆ ಏರಿ ಏರಿ, ಯೂನಿಟ್ಟಿಗೆ 10 ರೂಪಾಯಿ ಅನ್ನುವ ಮಿತಿಗೆ ತಲೆ ತಾಗಿಸುತ್ತದೆ. ಕೋಲ್ಡ್ ಸ್ಟೋರೇಜಿನ ಮಾಲೀಕರು ಹೇಳಿದ್ದೂ ಇದನ್ನೇ ಅಲ್ವಾ? ಹೊತ್ತಿಗೆ ಬೆಲೆ ಇದೆ ಅನ್ನುವುದನ್ನು ಸಂತೆ ಕಂಡುಕೊಂಡಿದೆ.

ಯಾರ ಹೆಗಲ ಮೇಲೆ ಭಾರ ಬಿತ್ತು ಅನ್ನುವುದನ್ನು ಮಾತ್ರ ಸಂತೆ ಹೇಳುವುದಿಲ್ಲ. ನಮ್ಮ ಜಿಲ್ಲೆಯ ಕೂಡಗಿ ಕಲ್ಲಿದ್ದಲು ಸ್ಥಾವರವನ್ನೇ ನೋಡಿ. 800 ಮೆಗಾವ್ಯಾಟಿನ ಮೂರು ಘಟಕ. ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರುತ್ತದೆ, ನೀರು ಆಲಮಟ್ಟಿಯದು, ಬೂದಿಯ ಚಿಂತೆ ಸುತ್ತಲಿನ ಹಳ್ಳಿಗಳದು. 2014ರಲ್ಲಿ ರೈತರು ಅಲ್ಲಿ ಬೀದಿಗಿಳಿದದ್ದು ಈ ಜಿಲ್ಲೆಯವರಿಗೆ ಮರೆತಿಲ್ಲ. ಇಂಥ ಸ್ಥಾವರಗಳ ಜೊತೆ ನಮಗೆ ಕರೆಂಟು ಹಂಚುವ ಕಂಪನಿಗಳು ಮಾಡಿಕೊಳ್ಳುವುದು ಹಲವು ವರ್ಷಗಳ ಒಪ್ಪಂದ. ಕರೆಂಟು ತೆಗೆದುಕೊಳ್ಳಲಿ ಬಿಡಲಿ, ನಿಗದಿ ಶುಲ್ಕ ಕಟ್ಟಲೇಬೇಕು. ಬಾಡಿಗೆ ಮನೆಯಲ್ಲಿ ಇಲ್ಲದಿದ್ದರೂ ಬಾಡಿಗೆ ಕೊಟ್ಟ ಹಾಗೆ. ಇದನ್ನು ಮುಕ್ತ ಮಾರುಕಟ್ಟೆ ಅಂತ ಕರೆಯುವುದಾದರೆ ಕರೆಯಿರಿ. ನಾನೂ ಸಾಚಾ ಅಲ್ಲ ಬಿಡಿ. ನನ್ನ ಬೋರಿನ ಮೋಟಾರು 10 ಎಚ್.ಪಿ. ಒಳಗಿನದು, ಅದಕ್ಕೆ ಬಿಲ್ಲೇ ಬರುವುದಿಲ್ಲ.

ಇನ್ನು ಅಣುಶಕ್ತಿ. ಕೈಗಾ ನಮ್ಮ ರಾಜ್ಯದ್ದೇ. 220 ಮೆಗಾವ್ಯಾಟಿನ ನಾಲ್ಕು ಘಟಕ. ಬೇಡ ಅಂತ ಶಿವರಾಮ ಕಾರಂತರು ಹೋರಾಡಿದರು, 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು. 1994ರಲ್ಲಿ ಕಟ್ಟುತ್ತಿದ್ದಾಗಲೇ ಒಂದು ಘಟಕದ ಗುಮ್ಮಟದ ಕಾಂಕ್ರೀಟು ಕುಸಿಯಿತು. ಅದೇ ಕೈಗಾದ ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಂದು ಸಲವೂ ನಿಲ್ಲದೆ ಓಡಿತು. ಎರಡೂ ನಿಜ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನಷ್ಟೇ ಹೇಳುವವರ ಮಾತಿಗೆ ನಾನು ಕಿವಿ ಕೊಡುವುದಿಲ್ಲ. ರಾತ್ರಿ ಎಂಟಕ್ಕೂ ಹೊಗೆಯಿಲ್ಲದೆ ಓಡುವ 962 ದಿನ ಸಣ್ಣದಲ್ಲ.

ಆದರೆ ಇದನ್ನು ಸಂತೆಯ ಸರಕು ಅನ್ನಬೇಡಿ. ಅಮೆರಿಕದಲ್ಲೇ 1957ರಲ್ಲಿ ಕಾನೂನು ಮಾಡಿ ಅಪಘಾತದ ಹೊಣೆಗೆ ಮಿತಿ ಹಾಕಿದ ಮೇಲೆ ಖಾಸಗಿಯವರು ಮುಂದೆ ಬಂದದ್ದು. ನಮ್ಮ 2010ರ ಕಾಯ್ದೆ ಸ್ಥಾವರ ನಡೆಸುವವರ ಹೊಣೆಯನ್ನು 1,500 ಕೋಟಿ ರೂಪಾಯಿಗೆ ನಿಲ್ಲಿಸಿತ್ತು. 2011ರ ಫುಕುಶಿಮಾ ಅವಘಡದ ಖರ್ಚು ಹಲವು ಲಕ್ಷ ಕೋಟಿ. ನಡುವಿನದನ್ನು ಯಾರು ತುಂಬಬೇಕು? ಫ್ರಾನ್ಸ್ ಅಣುಶಕ್ತಿಯಲ್ಲಿ ಪಳಗಿದ ದೇಶ, ಅಲ್ಲೂ ಅದನ್ನು ನಡೆಸುವುದು ಸರ್ಕಾರದ ಕಂಪನಿ. ಅವರ ಫ್ಲಾಮನ್‌ವಿಲ್‌ನ ಮೂರನೇ ರಿಯಾಕ್ಟರ್ ಕಟ್ಟಲು ಶುರು ಮಾಡಿದ್ದು 2007ರಲ್ಲಿ, ಕರೆಂಟು ಕೊಟ್ಟದ್ದು 2024ರ ಡಿಸೆಂಬರಿನಲ್ಲಿ. ಖರ್ಚು ಅಂದಾಜಿನ ನಾಲ್ಕು ಪಟ್ಟು. ನಾವು 2047ಕ್ಕೆ ಒಂದು ಲಕ್ಷ ಮೆಗಾವ್ಯಾಟ್ ಅಣುಶಕ್ತಿ ಅಂತ ಗುರಿ ಇಟ್ಟಿದ್ದೇವೆ. 2025ರ ಕೊನೆಯಲ್ಲಿ ಖಾಸಗಿಯವರಿಗೂ ಬಾಗಿಲು ತೆಗೆದಿದ್ದೇವೆ. ಬರಲಿ. ಲಾಭ ಅವರಿಗೆ, ಅಪಾಯ ನಮಗೆ ಅನ್ನುವುದಾದರೆ ಅದನ್ನು ಬಿಲ್ಲಿನಲ್ಲೇ ಬರೆದು ಕೊಡಲಿ.

ನನ್ನನ್ನು ಕೇಳಿದರೆ, ಇರುವ ಕೈಗಾ ಓಡಲಿ. ಹೊಸದಕ್ಕೆ ಹದಿನೈದಿಪ್ಪತ್ತು ವರ್ಷ ಕಾಯುವುದಕ್ಕಿಂತ ಮೊದಲು ಹಗಲಿನ ಕರೆಂಟನ್ನು ಸಂಜೆಗೆ ಉಳಿಸುವ ದಾರಿ ನೋಡೋಣ. ಬ್ಯಾಟರಿ ಒಂದೇ ದಾರಿ ಅಂತಲೂ ಇಲ್ಲ.

ಮೊನ್ನೆ ಆ ಕೋಲ್ಡ್ ಸ್ಟೋರೇಜ್ ಮಾಲೀಕರು ಫೋನ್ ಮಾಡಿದ್ದರು. ಛಾವಣಿಗೆ ಸೋಲಾರ್ ಪ್ಯಾನೆಲ್ ಹಾಕಿಸಿದ್ದಾರೆ. ಹಗಲು ಕಂಪ್ರೆಸರ್ ಜೋರಾಗಿ ಓಡಿಸಿ ಒಳಗೆ ಎರಡು ಡಿಗ್ರಿ ಜಾಸ್ತಿ ತಂಪು ಮಾಡುತ್ತಾರಂತೆ. ಸಂಜೆ ಆರಕ್ಕೆ ಬಂದ್. ದಪ್ಪ ಗೋಡೆ, ಒಳಗೆ ಟನ್‌ಗಟ್ಟಲೆ ತಣ್ಣನೆ ಮಾಲು, ತಂಪು ಬೇಗ ಇಳಿಯುವುದಿಲ್ಲ.

"ಒಂಬತ್ತರ ತನಕ ತಡೀತೈತ್ರಿ ಸರ," ಅಂದರು.

"ಆಮೇಲೆ?"

"ಆಮ್ಯಾಲಿಂದು ನೋಡಾಕ ಹತ್ತೀನ್ರಿ. ಡೀಸೆಲ್ ಬ್ಯಾರಲ್ ಇನ್ನೂ ಒಗದಿಲ್ರಿ."